ಕ್ಲೌಡ್ ಕಣಜದಿಂದ ತೋಟದ ಅಳತೆಗಳನ್ನು ಪಡೆಯುವ ಸರಿಯಾದ ಕ್ರಮ

ಅಕ್ಟೋಬರ್ ಚಾಟನಿ ಮುಗಿದು, ದ್ರಾಕ್ಷಿಯ ಹೊಸ ಚಿಗುರು ಗೇಣುದ್ದ ಬೆಳೆಯುವ ಹೊತ್ತಿಗೆ ಬೆಳೆಗಾರನ ಮುಂದೆ ದಿನವೂ ಒಂದೇ ಪ್ರಶ್ನೆ ನಿಲ್ಲುತ್ತದೆ: ಇಂದು ಔಷಧಿ ಸಿಂಪಡಿಸಬೇಕೇ, ಬೇಡವೇ? ಬೇಡದ ದಿನ ಸಿಂಪಡಿಸಿದರೆ ಹಣ, ಕೂಲಿ ಹಾಳಾಗುವುದಲ್ಲದೆ ಹಣ್ಣಿನಲ್ಲಿ ಔಷಧಿಯ ಶೇಷ ಉಳಿಯುವ ಭಯವೂ ಇದೆ. ಬೇಕಾದ ದಿನ ಬಿಟ್ಟರೆ ಬೆಳೆಗಾರರು ಡೌನಿ ಎಂದೇ ಕರೆಯುವ ಬೂಜು ತುಪ್ಪಟ ರೋಗ ಎಲೆಯಿಂದ ಹೂಗೊಂಚಲಿಗೆ ಹಬ್ಬಿ ವರ್ಷದ ಫಸಲನ್ನೇ ಕಸಿದುಕೊಳ್ಳಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕಲು ಕೆಲವು ರೈತ ಉತ್ಪಾದಕ ಕಂಪನಿಗಳೂ ಪ್ರಗತಿಪರ ರೈತರೂ ತೋಟದಲ್ಲಿ ವಿದ್ಯುನ್ಮಾನ ಮಾಪಕಗಳನ್ನು ನಿಲ್ಲಿಸಿದ್ದಾರೆ. ಎಲೆಯ ತೇವ, ಗಾಳಿಯ ಆರ್ದ್ರತೆ, ತಾಪಮಾನ, ಮಳೆ, ಹನಿ ನೀರಾವರಿಯ ಹರಿವು ಇವೆಲ್ಲ ತಾವಾಗಿಯೇ ದಾಖಲಾಗಿ ಕ್ಲೌಡ್ ಎಂಬ ದೂರದ ಕಂಪ್ಯೂಟರುಗಳಲ್ಲಿ ಸಂಗ್ರಹವಾಗುತ್ತವೆ. ಅಲ್ಲಿಂದ ಅಂಕಿಗಳನ್ನು ತರಿಸಿಕೊಂಡು ಒಂದು ಸಣ್ಣ ಪ್ರೋಗ್ರಾಂ ದಿನವೂ ಬೆಳಿಗ್ಗೆ ಸಲಹೆ ಹೇಳುತ್ತದೆ.

ಆದರೆ ಮಾಪಕ ಒಳ್ಳೆಯದಿದ್ದು, ಕ್ಲೌಡ್ ಸರಿಯಾಗಿದ್ದು, ಪ್ರೋಗ್ರಾಂ ನಿಲ್ಲದೆ ನಡೆಯುತ್ತಿದ್ದರೂ ಸಲಹೆ ತಪ್ಪಾಗುವ ಸಂದರ್ಭಗಳುಂಟು. ಇದಕ್ಕೆ ಮುಖ್ಯ ಕಾರಣ ಅಂಕಿಗಳನ್ನು ಕೇಳುವ ರೀತಿಯಲ್ಲಿನ ದೋಷ. ಪ್ರೋಗ್ರಾಂ ಬರೆಯುವವನು ತೋಟದ ಕೆಲಸ ಕಂಡವನಾಗಿರುವುದಿಲ್ಲ. ತೋಟದ ಕೆಲಸ ಬಲ್ಲವನಿಗೆ ಪ್ರೋಗ್ರಾಂ ತಿಳಿದಿರುವುದಿಲ್ಲ. ಇಬ್ಬರ ನಡುವೆ ಉಳಿಯುವ ಈ ಸಂದಿನಲ್ಲಿ ಬೆಳೆ ಸಿಕ್ಕಿಬೀಳದಂತೆ ನೋಡಿಕೊಳ್ಳಲು ರೈತನು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕ್ಲೌಡ್ ಮಾನಿಟರಿಂಗ್ ಎಂದರೇನು?

ಕ್ಲೌಡ್ ಎಂಬ ಹೆಸರಿದ್ದರೂ ಮಳೆ ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ದೊಡ್ಡ ಕಂಪನಿಗಳು ನಡೆಸುವ, ಬಾಡಿಗೆಗೆ ದೊರೆಯುವ ಕಂಪ್ಯೂಟರುಗಳ ಸಮೂಹಕ್ಕೆ ಈ ಹೆಸರು. ಆ ಕಂಪ್ಯೂಟರುಗಳ ಆರೋಗ್ಯವನ್ನು ಕ್ಷಣಕ್ಷಣಕ್ಕೂ ಅಳೆದು ಬರೆದಿಡುವ ವ್ಯವಸ್ಥೆಯೇ ಮಾನಿಟರಿಂಗ್. ಯಂತ್ರದ ಮೇಲೆ ಎಷ್ಟು ಹೊರೆ ಬಿದ್ದಿದೆ, ಎಷ್ಟು ಜಾಗ ಉಳಿದಿದೆ ಎಂಬ ಅಳತೆಗಳನ್ನು ಅದು ಇಟ್ಟುಕೊಳ್ಳುತ್ತದೆ. ಇಂತಹ ಒಂದೊಂದು ಅಳತೆಗೂ ಮೆಟ್ರಿಕ್ ಎನ್ನುತ್ತಾರೆ.

ಇಂತಹ ವ್ಯವಸ್ಥೆಗಳು ಹಲವಿವೆ. ಈ ಪಾಠಕ್ಕೆ ಗೂಗಲ್ ಕ್ಲೌಡ್ ಮಾನಿಟರಿಂಗ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದರ ಮೂಲ ಸ್ಟ್ಯಾಕ್‌ಡ್ರೈವರ್ ಎಂಬ ಸಂಸ್ಥೆ. ಅದನ್ನು ಗೂಗಲ್ 2014ರಲ್ಲಿ ಕೊಂಡುಕೊಂಡಿತು. 2020ರಲ್ಲಿ ಈಗಿನ ಹೆಸರು ಬಂದಿತು. ಕಂಪ್ಯೂಟರುಗಳಿಗಾಗಿ ಹುಟ್ಟಿದ ವ್ಯವಸ್ಥೆಯಾದರೂ ಬಳಕೆದಾರನು ತನ್ನದೇ ಅಳತೆಗಳನ್ನು ಇದರಲ್ಲಿ ಬರೆದಿಡಬಹುದು. ಇವಕ್ಕೆ ಕಸ್ಟಮ್ ಮೆಟ್ರಿಕ್ ಎಂದು ಹೆಸರು. ತೋಟದ ಎಲೆ ತೇವವೂ ಹೀಗೆಯೇ ಒಂದು ಕಸ್ಟಮ್ ಮೆಟ್ರಿಕ್ ಆಗುತ್ತದೆ.

ಬರೆದಿಟ್ಟ ಅಂಕಿಗಳನ್ನು ಪರದೆಯ ಮೇಲಿನ ಗೆರೆಚಿತ್ರದಲ್ಲಿ ಕಣ್ಣಿನಿಂದ ನೋಡಬಹುದು. ಆದರೆ ಮತ್ತೊಂದು ಪ್ರೋಗ್ರಾಂ ತಾನಾಗಿಯೇ ಕೇಳಿ ಪಡೆಯಬೇಕಾದರೆ ಎಪಿಐ ಎಂಬ ಸಂಪರ್ಕದ್ವಾರವನ್ನು ಬಳಸಬೇಕು. ಇದನ್ನು ನಾಡಕಚೇರಿಯ ಕಿಟಕಿಗೆ ಹೋಲಿಸಬಹುದು. ಪಹಣಿ ಬೇಕೆಂದು ಬಂದವನು ಗ್ರಾಮದ ಹೆಸರು, ಸರ್ವೆ ನಂಬರು, ಯಾವ ವರ್ಷದ್ದು ಎಂಬುದನ್ನು ಹೇಳಬೇಕು. ಸರ್ವೆ ನಂಬರು ತಪ್ಪು ಹೇಳಿದರೆ ಬೇರೆಯವರ ಪಹಣಿ ಕೈಗೆ ಬರುತ್ತದೆ. ಕಾಗದ ನೋಡಲು ಸರಿಯಾಗಿಯೇ ಇರುತ್ತದೆ. ಜಮೀನು ಮಾತ್ರ ಬೇರೆಯದು. ಎಪಿಐ ಮುಂದೆ ಇಡುವ ಕೋರಿಕೆಯೂ ಹೀಗೆಯೇ.

ಒಂದು ಉದಾಹರಣೆ

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಒಂದು ಕಂಪನಿ 12 ತಾಕುಗಳಲ್ಲಿ ಮಾಪಕಗಳನ್ನು ನಿಲ್ಲಿಸಿದೆ ಎಂದು ಭಾವಿಸಬಹುದು. ಪ್ರತಿ ಮಾಪಕವೂ 10 ನಿಮಿಷಕ್ಕೊಮ್ಮೆ ಅಳತೆ ಕಳುಹಿಸುತ್ತದೆ. ಅಂದರೆ ಗಂಟೆಗೆ 6, ದಿನಕ್ಕೆ 144 ಅಳತೆಗಳು. ಎಲೆ ತೇವದ ಮಾಪಕವು ಹಿಂದಿನ 10 ನಿಮಿಷದಲ್ಲಿ ಎಲೆ ಒದ್ದೆಯಾಗಿದ್ದರೆ 1, ಒಣಗಿದ್ದರೆ 0 ಎಂದು ಬರೆಯುತ್ತದೆ.

ಎಲೆ ತೇವಕ್ಕೆ ಇಷ್ಟು ಮಹತ್ವ ಏಕೆಂದರೆ, ಬೂಜು ತುಪ್ಪಟ ತರುವ ರೋಗಾಣುವಿನ ಚಲಿಸುವ ಬೀಜಾಣುಗಳು ಎಲೆಯ ಮೇಲಿನ ನೀರಿನ ಪದರದಲ್ಲಿ ಈಜಿ ಪತ್ರರಂಧ್ರಗಳ ಮೂಲಕ ಒಳಹೊಗುತ್ತವೆ. ಎಲೆ ಒಣಗಿದ್ದರೆ ಸೋಂಕು ತಗಲದು. ಎಲೆಯ ಅಡಿಭಾಗದಲ್ಲಿ ಬಿಳಿ ತುಪ್ಪಟ ಮೂಡುವುದು ಕತ್ತಲಿನಲ್ಲಿ, ಗಾಳಿಯ ಆರ್ದ್ರತೆ ಬಹಳ ಹೆಚ್ಚಿರುವ ರಾತ್ರಿಗಳಲ್ಲಿ. ಆದ್ದರಿಂದ ಒಂದು ರಾತ್ರಿಯಲ್ಲಿ ಎಲೆ ಎಷ್ಟು ಹೊತ್ತು ಸತತವಾಗಿ ಒದ್ದೆಯಾಗಿತ್ತು ಎಂಬುದೇ ಇಲ್ಲಿ ತಿಳಿಯಬೇಕಾದ ವಿಷಯ.

ಒಂದು ರಾತ್ರಿ 6 ಗಂಟೆಗಿಂತ ಹೆಚ್ಚು ಹೊತ್ತು ಎಲೆ ಒದ್ದೆಯಾಗಿದ್ದರೆ ಎಚ್ಚರಿಕೆ ನೀಡಬೇಕೆಂದು ಕಂಪನಿ ತನ್ನ ಪ್ರೋಗ್ರಾಂಗೆ ಹೇಳಿದೆ ಎಂದಿಟ್ಟುಕೊಳ್ಳಬಹುದು. ಈ 6 ಗಂಟೆ ಲೆಕ್ಕ ತಿಳಿಯಲು ತೆಗೆದುಕೊಂಡ ಮಿತಿಯೇ ಹೊರತು ಶಿಫಾರಸು ಅಲ್ಲ. ತಳಿ, ಚಿಗುರಿನ ವಯಸ್ಸು, ತಾಪಮಾನ ನೋಡಿ ತಜ್ಞರು ಮಿತಿಯನ್ನು ಹೇಳಬೇಕು.

ಕೋರಿಕೆಯಲ್ಲಿ ಇರಬೇಕಾದ ಅಂಶಗಳು

1. ಪ್ರಾಜೆಕ್ಟ್: ಅಂಕಿಗಳು ಯಾರ ಖಾತೆಯಲ್ಲಿವೆ ಎಂಬ ಗುರುತು.

2. ಫಿಲ್ಟರ್: ಯಾವ ಮೆಟ್ರಿಕ್, ಯಾವ ತಾಕು ಎಂಬ ವಿವರ. ಒಂದು ಕೋರಿಕೆಯಲ್ಲಿ ಒಂದೇ ಬಗೆಯ ಮೆಟ್ರಿಕ್ ಕೇಳಬೇಕು. ಎಲೆ ತೇವಕ್ಕೆ ಒಂದು, ಮಳೆಗೆ ಮತ್ತೊಂದು. ತಾಕಿನ ಹೆಸರು ತಪ್ಪಿದರೆ ದೋಷದ ಸೂಚನೆ ಬರುವುದಿಲ್ಲ. ಖಾಲಿ ಉತ್ತರ ಬರುತ್ತದೆ. ಖಾಲಿ ಉತ್ತರವನ್ನು ‘ತೇವವಿಲ್ಲ’ ಎಂದು ತಿಳಿಯುವುದು ದೊಡ್ಡ ತಪ್ಪು.

3. ಅವಧಿ: ಯಾವಾಗಿನಿಂದ ಯಾವಾಗಿನವರೆಗೆ. ಆರಂಭದ ಕ್ಷಣದ ಅಳತೆ ಉತ್ತರದಲ್ಲಿ ಸೇರುವುದಿಲ್ಲ; ಕೊನೆಯ ಕ್ಷಣದ ಅಳತೆ ಸೇರುತ್ತದೆ. ಇದರಿಂದ ಎರಡು ದಿನಗಳ ಗಡಿಯಲ್ಲಿರುವ ಅಳತೆ ಎರಡು ಬಾರಿ ಲೆಕ್ಕಕ್ಕೆ ಬರುವುದು ತಪ್ಪುತ್ತದೆ.

4. ಅಲೈನ್‌ಮೆಂಟ್ ಪೀರಿಯಡ್: ಅಂಕಿಗಳನ್ನು ಎಷ್ಟು ಹೊತ್ತಿನ ಕಟ್ಟುಗಳಾಗಿ ಕಟ್ಟಬೇಕು ಎಂಬುದು. ಇದನ್ನು ಸೆಕೆಂಡುಗಳಲ್ಲಿ ಹೇಳಬೇಕು. 60 ಸೆಕೆಂಡಿಗಿಂತ ಕಡಿಮೆ ಇರಬಾರದು. ಒಂದು ಗಂಟೆಗೆ 3,600. ಒಂದು ದಿನಕ್ಕೆ 86,400.

5. ಅಲೈನರ್: ಒಂದು ಕಟ್ಟಿನಲ್ಲಿರುವ ಅಂಕಿಗಳಿಂದ ಒಂದೇ ಅಂಕಿ ಮಾಡುವ ಬಗೆ. ಸರಾಸರಿ, ಕನಿಷ್ಠ, ಗರಿಷ್ಠ, ಮೊತ್ತ, ಎಣಿಕೆ, ವ್ಯತ್ಯಾಸ ಮುಂತಾದವುಗಳಲ್ಲಿ ಒಂದನ್ನು ಆರಿಸಬೇಕು.

6. ರೆಡ್ಯೂಸರ್: ಹಲವು ತಾಕುಗಳ ಅಂಕಿಗಳನ್ನು ಒಂದಾಗಿ ಕೂಡಿಸುವ ಬಗೆ. ಬೇಡವೆನಿಸಿದರೆ ಬಿಡಬಹುದು.

ಈ ಆರರಲ್ಲಿ ಕೊನೆಯ ನಾಲ್ಕನ್ನು ಕುರಿತು ಹೆಚ್ಚಿನ ಎಚ್ಚರಿಕೆ ಅಗತ್ಯ.

ದಿನವನ್ನು ಎಲ್ಲಿ ಕತ್ತರಿಸಬೇಕು?

ಕ್ಲೌಡ್ ವ್ಯವಸ್ಥೆಯು ಕಾಲವನ್ನು ಯುಟಿಸಿ ಎಂಬ ಜಾಗತಿಕ ಗಡಿಯಾರದಲ್ಲಿ ಬರೆಯುತ್ತದೆ. ಕಾಲದ ಬರಹದ ಕೊನೆಯಲ್ಲಿ ‘ಝಡ್’ ಅಕ್ಷರವಿದ್ದರೆ ಅದು ಯುಟಿಸಿ ಎಂದು ತಿಳಿಯಬೇಕು. ಭಾರತದ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಆದ್ದರಿಂದ ಯುಟಿಸಿಯ ನಡುರಾತ್ರಿ ಎಂದರೆ ಭಾರತದಲ್ಲಿ ಬೆಳಗಿನ 5-30 ಗಂಟೆ. ತೋಟದಲ್ಲಿ ಇಬ್ಬನಿ ಇನ್ನೂ ಎಲೆಯ ಮೇಲೆಯೇ ಇರುವ ಹೊತ್ತು ಅದು.

ತಾಕು 4ರಲ್ಲಿ ರಾತ್ರಿ 1 ಗಂಟೆಯಿಂದ ಬೆಳಿಗ್ಗೆ 8 ಗಂಟೆಯವರೆಗೆ ಎಲೆ ಒದ್ದೆಯಾಗಿತ್ತು ಎಂದಿಟ್ಟುಕೊಂಡರೆ, ಒಟ್ಟು 7 ಗಂಟೆ, 42 ಅಳತೆಗಳು. ಎಚ್ಚರಿಕೆ ಬರಲೇಬೇಕು. ಆದರೆ ಪ್ರೋಗ್ರಾಂ ದಿನವನ್ನು ಯುಟಿಸಿಯ ನಡುರಾತ್ರಿಗೆ ಕತ್ತರಿಸಿದರೆ 1 ಗಂಟೆಯಿಂದ 5-30ರವರೆಗಿನ 27 ಅಳತೆಗಳು ಒಂದು ದಿನಕ್ಕೂ, ಉಳಿದ 15 ಅಳತೆಗಳು ಮರುದಿನಕ್ಕೂ ಸೇರುತ್ತವೆ. ಮೊದಲ ದಿನ ನಾಲ್ಕೂವರೆ ಗಂಟೆ, ಎರಡನೆಯ ದಿನ ಎರಡೂವರೆ ಗಂಟೆ. ಎರಡೂ 6ಕ್ಕಿಂತ ಕಡಿಮೆ. ಎಚ್ಚರಿಕೆ ಬರುವುದಿಲ್ಲ. ಒಂದೇ ರಾತ್ರಿ ಎರಡು ತುಂಡಾಗಿ, ಎರಡೂ ದಿನ ‘ಅಪಾಯವಿಲ್ಲ’ ಎಂಬ ಸಲಹೆ ಬರುತ್ತದೆ.

ಭಾರತದ ನಡುರಾತ್ರಿಗೆ ಕತ್ತರಿಸಿದರೂ ತೊಂದರೆ ತಪ್ಪದು. ಸಂಜೆ 9 ಗಂಟೆಗೆ ತೊಡಗಿದ ತೇವ ಆಗಲೂ ಎರಡು ತುಂಡಾಗುತ್ತದೆ. ಎಲೆ ತೇವದ ಲೆಕ್ಕಕ್ಕೆ ಒಂದು ಮಧ್ಯಾಹ್ನದಿಂದ ಮರು ಮಧ್ಯಾಹ್ನದವರೆಗೆ ದಿನವನ್ನು ಎಣಿಸುವುದು ಉತ್ತಮ. ಎಲೆ ಸಾಮಾನ್ಯವಾಗಿ ಒಣಗಿರುವ ಹೊತ್ತಿಗೆ ಗಡಿ ಬೀಳುವುದರಿಂದ ರಾತ್ರಿ ಇಡಿಯಾಗಿ ಉಳಿಯುತ್ತದೆ. ಭಾರತದ ಮಧ್ಯಾಹ್ನ 12 ಗಂಟೆ ಎಂದರೆ ಯುಟಿಸಿಯ 6-30 ಗಂಟೆ. ಕೋರಿಕೆಯ ಅವಧಿಯನ್ನು ನಿನ್ನೆಯ 6-30 ಝಡ್‌ನಿಂದ ಇಂದಿನ 6-30 ಝಡ್‌ವರೆಗೆ ಎಂದು ಕೊಡಬೇಕು. ಬೆಳಿಗ್ಗೆಯೇ ಸಲಹೆ ಬೇಕಾದರೆ ನಿನ್ನೆಯ ಮಧ್ಯಾಹ್ನದಿಂದ ಈ ಕ್ಷಣದವರೆಗೆ ಕೇಳಿ, ಮಧ್ಯಾಹ್ನ ಮತ್ತೊಮ್ಮೆ ಪೂರ್ಣ ಲೆಕ್ಕ ತೆಗೆದುಕೊಳ್ಳಬೇಕು.

ಮಳೆಗೆ ಬೇರೆ ಗಡಿ ಇಡಬೇಕು. ಭಾರತ ಹವಾಮಾನ ಇಲಾಖೆಯು ದಿನದ ಮಳೆಯನ್ನು ಬೆಳಿಗ್ಗೆ 8-30ಕ್ಕೆ ಮುಗಿಯುವ 24 ಗಂಟೆಗಳ ಲೆಕ್ಕದಲ್ಲಿ ಕೊಡುತ್ತದೆ. ಇದು ಯುಟಿಸಿಯ 3 ಗಂಟೆಗೆ ಸರಿಹೊಂದುತ್ತದೆ. ತೋಟದ ಮಳೆಯನ್ನು ಇಲಾಖೆಯ ಅಂಕಿಯೊಂದಿಗೆ ಹೋಲಿಸುವವರು ನಿನ್ನೆಯ 3 ಝಡ್‌ನಿಂದ ಇಂದಿನ 3 ಝಡ್‌ವರೆಗೆ ಕೇಳಬೇಕು. ಇಲ್ಲವಾದರೆ ನಸುಕಿನಲ್ಲಿ ಬಿದ್ದ ಮಳೆ ಒಂದು ಕಡೆ ನಿನ್ನೆಯದು, ಮತ್ತೊಂದು ಕಡೆ ಇಂದಿನದು ಎಂದಾಗಿ ಮಾಪಕವೇ ಕೆಟ್ಟಿದೆಯೆಂಬ ಸಂಶಯ ಹುಟ್ಟುತ್ತದೆ.

ಸರಾಸರಿಯ ಮೋಸ

ಪ್ರೋಗ್ರಾಂ ಬರೆಯುವವರು ಎಲ್ಲದಕ್ಕೂ ಸರಾಸರಿ ಕೇಳುವುದು ರೂಢಿ. ಯಂತ್ರದ ಹೊರೆ ನೋಡಲು ಅದು ಹಲವು ಬಾರಿ ಸಾಕು. ಬೆಳೆಗೆ ಸಾಲದು. ರಾತ್ರಿ 6 ಗಂಟೆ ಕಾಲ ಆರ್ದ್ರತೆ ಶೇ. 96, ಉಳಿದ 18 ಗಂಟೆ ಶೇ. 60 ಇದ್ದರೆ ದಿನದ ಸರಾಸರಿ ಶೇ. 69 ಆಗುತ್ತದೆ. ಈ 69 ನೋಡಿದವನಿಗೆ ರೋಗದ ನೆನಪೇ ಬಾರದು. ರೋಗಾಣುವಿಗೆ ಬೇಕಾದದ್ದು ಆ 6 ಗಂಟೆ ಮಾತ್ರ. ಬಾವಿಯ ಸರಾಸರಿ ಆಳ ಮೊಣಕಾಲುದ್ದ ಎಂದು ನಂಬಿ ಇಳಿದವನ ಗತಿಯೇ ಇಲ್ಲಿಯೂ ಆಗುತ್ತದೆ.

ಆದ್ದರಿಂದ ಆರ್ದ್ರತೆಯನ್ನು ಗಂಟೆಯ ಕಟ್ಟಿನಲ್ಲಿ ಕೇಳಿ, ಶೇ. 95ಕ್ಕಿಂತ ಮೇಲಿದ್ದ ಗಂಟೆಗಳನ್ನು ಎಣಿಸಬೇಕು. ಎಲೆ ತೇವಕ್ಕೆ ಮೊತ್ತವನ್ನು ಕೇಳಬೇಕು. ಮೊತ್ತವನ್ನು 10ರಿಂದ ಗುಣಿಸಿದರೆ ಒದ್ದೆಯಾಗಿದ್ದ ನಿಮಿಷಗಳು ದೊರೆಯುತ್ತವೆ. ಇಲ್ಲಿ ಗರಿಷ್ಠ ಕೇಳಿದರೆ ಒಂದು ಗಂಟೆಯಲ್ಲಿ 10 ನಿಮಿಷ ಒದ್ದೆಯಾಗಿದ್ದರೂ ಇಡೀ ಗಂಟೆ ಒದ್ದೆ ಎಂದು ಬರುತ್ತದೆ. ಬೇಡದ ಸಿಂಪರಣೆಗೆ ದಾರಿಯಾಗುತ್ತದೆ. ಮೊತ್ತವು ಒಟ್ಟು ನಿಮಿಷಗಳನ್ನಷ್ಟೇ ಹೇಳುತ್ತದೆ. ತೇವ ಸತತವಾಗಿತ್ತೇ, ನಡುವೆ ಎಲೆ ಒಣಗಿತ್ತೇ ಎಂಬುದನ್ನು ತಿಳಿಯಲು ಗಂಟೆಗಂಟೆಯ ಮೊತ್ತಗಳನ್ನು ಸಾಲಾಗಿ ಇಟ್ಟು ನೋಡಬೇಕು.

ತಾಕುಗಳನ್ನು ಒಂದಾಗಿ ಕೂಡಿಸುವ ರೆಡ್ಯೂಸರಿನಲ್ಲಿಯೂ ಇದೇ ಅಪಾಯವಿದೆ. ಹನ್ನೊಂದು ತಾಕುಗಳು ಎತ್ತರದ, ಗಾಳಿಯಾಡುವ ಜಾಗದಲ್ಲಿದ್ದು ಒಂದು ಮಾತ್ರ ಹಳ್ಳದ ಬದಿಯಲ್ಲಿದ್ದರೆ, ಹನ್ನೆರಡರ ಸರಾಸರಿಯಲ್ಲಿ ಹಳ್ಳದ ಬದಿಯ ತಾಕು ಮುಳುಗಿಹೋಗುತ್ತದೆ. ರೋಗ ಮೊದಲು ಕಾಣಿಸಿಕೊಳ್ಳುವ ಸಾಧ್ಯತೆ ಇರುವುದು ಅಲ್ಲಿಯೇ. ಆದ್ದರಿಂದ ಸಿಂಪರಣೆಯ ನಿರ್ಧಾರಕ್ಕೆ ತಾಕುಗಳನ್ನು ಕೂಡಿಸದೆ ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಬೇಕು.

ಇಲ್ಲದ ಅಳತೆ ಸೊನ್ನೆಯಲ್ಲ

ಮೇಲಿನ ಅದೇ ರಾತ್ರಿ 3 ಗಂಟೆಯಿಂದ 4-30ರವರೆಗೆ ಮೊಬೈಲ್ ಸಂಪರ್ಕ ಕಡಿದುಹೋಯಿತು ಎಂದು ಭಾವಿಸಬಹುದು. 9 ಅಳತೆಗಳು ಕ್ಲೌಡ್ ತಲುಪಲಿಲ್ಲ. ಆಗ ಮಧ್ಯಾಹ್ನದಿಂದ ಮಧ್ಯಾಹ್ನದ ಮೊತ್ತ 42ರ ಬದಲು 33 ಆಗುತ್ತದೆ. ಅಂದರೆ ಐದೂವರೆ ಗಂಟೆ. ಮಿತಿ 6 ಗಂಟೆ. ಎಚ್ಚರಿಕೆ ಮತ್ತೆ ತಪ್ಪಿತು. ದಿನವನ್ನು ಸರಿಯಾಗಿ ಕತ್ತರಿಸಿ, ಮೊತ್ತವನ್ನೇ ಕೇಳಿದರೂ ಉತ್ತರ ತಪ್ಪಾಯಿತು.

ಇದಕ್ಕೆ ಪರಿಹಾರ ಸುಲಭ. ಅದೇ ಅವಧಿಗೆ ಎಣಿಕೆ ಎಂಬ ಅಲೈನರಿನಿಂದ ಮತ್ತೊಂದು ಕೋರಿಕೆ ಸಲ್ಲಿಸಬೇಕು. ಇದು ಎಷ್ಟು ಅಳತೆಗಳು ಬಂದಿವೆ ಎಂದು ತಿಳಿಸುತ್ತದೆ. 144 ಬಂದಿದ್ದರೆ ಲೆಕ್ಕ ಪೂರ್ಣ. 135 ಬಂದಿದ್ದರೆ 9 ಅಳತೆಗಳಿಲ್ಲ. ಆಗ ಪ್ರೋಗ್ರಾಂ ‘ಅಪಾಯವಿಲ್ಲ’ ಎನ್ನಬಾರದು. ‘ಕನಿಷ್ಠ ಐದೂವರೆ ಗಂಟೆ, ಒಂದೂವರೆ ಗಂಟೆಯ ಲೆಕ್ಕವಿಲ್ಲ’ ಎನ್ನಬೇಕು. ಅದನ್ನು ಓದಿದ ರೈತ ತಾನೇ ತೋಟಕ್ಕೆ ಹೋಗಿ ಎಲೆ ಮಗುಚಿ ನೋಡುತ್ತಾನೆ.

ಸಂಪರ್ಕ ಮರಳಿದ ಮೇಲೆ ಉಳಿದ ಅಳತೆಗಳನ್ನು ಕಳುಹಿಸುವ ವ್ಯವಸ್ಥೆ ಮಾಪಕದಲ್ಲಿರುವುದು ಒಳ್ಳೆಯದು. ಆದರೆ ಇದಕ್ಕೆ ಎರಡು ನಿಯಮಗಳಿವೆ. ಮೊದಲನೆಯದಾಗಿ, ಅಳತೆಗಳನ್ನು ಕಾಲದ ಕ್ರಮದಲ್ಲಿಯೇ ಬರೆಯಬೇಕು. ಹೊಸ ಅಳತೆ ಹೋದ ಮೇಲೆ ಅದಕ್ಕಿಂತ ಹಳೆಯದನ್ನು ವ್ಯವಸ್ಥೆ ಸ್ವೀಕರಿಸುವುದಿಲ್ಲ. ಆದ್ದರಿಂದ ಬಾಕಿ ಮೊದಲು, ಹೊಸದು ನಂತರ. ಎರಡನೆಯದಾಗಿ, 25 ಗಂಟೆಗಿಂತ ಹಳೆಯ ಅಳತೆಯನ್ನು ಬರೆಯಲಾಗದು. ಎರಡು ದಿನ ಸಂಪರ್ಕವಿಲ್ಲದಿದ್ದರೆ ಮೊದಲ ದಿನದ ಅಳತೆಗಳನ್ನು ಮಾಪಕದ ನೆನಪಿನ ಚೀಟಿಯಿಂದಲೇ ತೆಗೆದುಕೊಳ್ಳಬೇಕು.

ಮಳೆ ಮತ್ತು ನೀರಿನ ಲೆಕ್ಕ

ಅಳತೆಗಳಲ್ಲಿ ಜಾತಿಗಳಿವೆ. ಆ ಕ್ಷಣದ ಸ್ಥಿತಿಯನ್ನು ಹೇಳುವ ಅಳತೆಗೆ ಗೇಜ್ ಎನ್ನುತ್ತಾರೆ. ತಾಪಮಾನ, ಆರ್ದ್ರತೆ, ಮಣ್ಣಿನ ತೇವ ಈ ಜಾತಿಗೆ ಸೇರಿವೆ. ಆರಂಭದಿಂದ ಕೂಡುತ್ತಲೇ ಹೋಗುವ ಅಳತೆಗೆ ಕ್ಯುಮ್ಯುಲೇಟಿವ್ ಎನ್ನುತ್ತಾರೆ. ಮನೆಯ ವಿದ್ಯುತ್ ಮೀಟರು, ಹನಿ ನೀರಾವರಿಯ ನೀರಿನ ಮೀಟರು, ಎಣಿಕೆ ಕೂಡಿಡುವ ಮಳೆ ಮಾಪಕ ಈ ಜಾತಿಯವು. ಮೆಟ್ರಿಕನ್ನು ಮೊದಲು ಹೆಸರಿಸುವಾಗಲೇ ಅದರ ಜಾತಿಯನ್ನು ನಿರ್ಧರಿಸಬೇಕು.

ಮಳೆ ಮಾಪಕದೊಳಗೆ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ, ಉದಾಹರಣೆಗೆ, 0.2 ಮಿ.ಮೀ. ಎಂದು ಎಣಿಕೆಗೆ ಸೇರುತ್ತದೆ. ನಿನ್ನೆ ಬೆಳಿಗ್ಗೆ ಎಣಿಕೆ 412.6 ಇದ್ದು ಇಂದು 428.4 ಇದ್ದರೆ ಬಿದ್ದ ಮಳೆ 15.8 ಮಿ.ಮೀ. ಇಲ್ಲಿ ಸರಾಸರಿ ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು ಡೆಲ್ಟಾ, ಅಂದರೆ ವ್ಯತ್ಯಾಸ.

ಬ್ಯಾಟರಿ ಬದಲಿಸಿದಾಗ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುವುದುಂಟು. ಎಣಿಕೆ 428.4 ತಲುಪಿದ ಮೇಲೆ ಬ್ಯಾಟರಿ ಬದಲಿಸಿ, ಮತ್ತೆ 6.2ಕ್ಕೆ ಏರಿದರೆ ಸರಿಯಾದ ಮಳೆ 15.8 ಮತ್ತು 6.2 ಸೇರಿ 22 ಮಿ.ಮೀ. ಕೊನೆಯದರಿಂದ ಮೊದಲನೆಯದನ್ನು ಸುಮ್ಮನೆ ಕಳೆದರೆ 406.4 ಮಿ.ಮೀ. ‘ಋಣ ಮಳೆ’ ಬರುತ್ತದೆ. ಕ್ಯುಮ್ಯುಲೇಟಿವ್ ಅಳತೆಯ ಜೊತೆಗೆ ಎಣಿಕೆ ಆರಂಭವಾದ ಕಾಲವನ್ನೂ ಬರೆಯುವ ಪದ್ಧತಿ ಇದೆ. ಬ್ಯಾಟರಿ ಬದಲಿಸಿದಾಗ ಮಾಪಕವು ಈ ಆರಂಭ ಕಾಲವನ್ನು ಹೊಸದಾಗಿ ಬರೆದರೆ ಡೆಲ್ಟಾ ಸರಿಯಾದ ಲೆಕ್ಕ ಕೊಡುತ್ತದೆ. ಮಾಪಕ ಕೊಳ್ಳುವಾಗ ಮಾರಾಟಗಾರನನ್ನು ಈ ವಿಷಯ ಕೇಳಿ ತಿಳಿಯಬೇಕು.

ನೀರಿನ ಮೀಟರಿಗೆ ರೇಟ್ ಎಂಬ ಅಲೈನರಿನಿಂದ ಸೆಕೆಂಡಿಗೆ ಹರಿದ ನೀರು ತಿಳಿಯುತ್ತದೆ. ಪಂಪು ನಿಂತಿರುವಾಗಲೂ ತೊಟ್ಟಿಯಿಂದ ಹೊರಟ ಕೊಳವೆಯಲ್ಲಿ ಹರಿವು ಕಂಡುಬಂದರೆ ಎಲ್ಲಿಯೋ ಸೋರಿಕೆ ಇದೆಯೆಂದು ತಿಳಿಯಬೇಕು.

ಉತ್ತರ ಪೂರ್ತಿ ಬಂದಿದೆಯೇ?

ಉತ್ತರ ದೊಡ್ಡದಾದರೆ ಅದು ಪುಟಪುಟವಾಗಿ ಬರುತ್ತದೆ. ಒಂದು ಪುಟದಲ್ಲಿ ಹೆಚ್ಚೆಂದರೆ 1,00,000 ಅಳತೆಗಳು. 12 ತಾಕುಗಳ ಎಲೆ ತೇವ ಒಂದು ದಿನಕ್ಕೆ 1,728 ಅಳತೆಗಳಾದರೆ 30 ದಿನಕ್ಕೆ 51,840. ಒಂದೇ ಪುಟದಲ್ಲಿ ಮುಗಿಯುತ್ತದೆ. ಚಾಟನಿಯಿಂದ 120 ದಿನದ ಪೂರ್ಣ ಲೆಕ್ಕ ಕೇಳಿದರೆ 2,07,360 ಅಳತೆಗಳು. ಮೂರು ಪುಟಗಳು ಬೇಕು. ಮುಂದಿನ ಪುಟವಿದ್ದರೆ ಉತ್ತರದ ಜೊತೆಗೆ ಒಂದು ಗುರುತಿನ ಚೀಟಿ ಬರುತ್ತದೆ. ಆ ಚೀಟಿಯನ್ನು ತೋರಿಸಿ ಮತ್ತೆ ಕೇಳಬೇಕು. ಚೀಟಿಯನ್ನು ಗಮನಿಸದ ಪ್ರೋಗ್ರಾಂ ಮೊದಲ ಪುಟವನ್ನೇ ಇಡೀ ಹಂಗಾಮು ಎಂದು ತಿಳಿಯುತ್ತದೆ. ಅಳತೆಗಳು ಹೊಸದರಿಂದ ಹಳೆಯದರ ಕಡೆಗೆ ಜೋಡಣೆಯಾಗಿ ಬರುತ್ತವೆ ಎಂಬುದನ್ನೂ ನೆನಪಿಡಬೇಕು.

ಕಣಜ ಶಾಶ್ವತವಲ್ಲ. ಕಸ್ಟಮ್ ಮೆಟ್ರಿಕ್‌ಗಳು 24 ತಿಂಗಳು ಮಾತ್ರ ಉಳಿಯುತ್ತವೆ. ಮೊದಲ 6 ವಾರ ಬರೆದಂತೆಯೇ ಇರುತ್ತವೆ. ನಂತರ 10 ನಿಮಿಷಕ್ಕೆ ಒಂದರಂತೆ ವಿರಳವಾಗುತ್ತವೆ. ನಿಮಿಷಕ್ಕೊಮ್ಮೆ ಅಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಐದು ವರ್ಷದ ರೋಗದ ಇತಿಹಾಸ ಬೇಕೆನ್ನುವ ಕಂಪನಿ ವಾರಕ್ಕೊಮ್ಮೆ ಅಂಕಿಗಳನ್ನು ತನ್ನದೇ ಕಡತದಲ್ಲಿ ಇಳಿಸಿಕೊಳ್ಳಬೇಕು.

ಕೀಲಿಯ ಜೋಪಾನ

ಅಂಕಿ ಕೇಳುವ ಪ್ರೋಗ್ರಾಂಗೆ ಸರ್ವಿಸ್ ಅಕೌಂಟ್ ಎಂಬ ಪ್ರತ್ಯೇಕ ಗುರುತನ್ನು ಮಾಡಿಕೊಡಬೇಕು. ಅದಕ್ಕೆ ಮಾನಿಟರಿಂಗ್ ವ್ಯೂವರ್ ಎಂಬ ಓದುವ ಅಧಿಕಾರ ಸಾಕು. ತೋಟದ ಮಾಪಕಕ್ಕೆ ಮೆಟ್ರಿಕ್ ರೈಟರ್ ಎಂಬ ಬರೆಯುವ ಅಧಿಕಾರ ಮಾತ್ರ ಕೊಡಬೇಕು. ಎಲ್ಲ ಅಧಿಕಾರವಿರುವ ಒಂದೇ ಕೀಲಿಯನ್ನು ಎಲ್ಲ ಕಡೆಯೂ ಇಡುವುದು ಉಗ್ರಾಣದ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಕೀಲಿಯ ಕಡತವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಬಾರದು. ಪ್ರೋಗ್ರಾಂ ಬರೆದವನು ಕೆಲಸ ಬಿಟ್ಟ ದಿನವೇ ಹಳೆಯ ಕೀಲಿಯನ್ನು ರದ್ದು ಮಾಡಬೇಕು.

ಪದೇ ಪದೇ ಕೋರಿಕೆ ಸಲ್ಲಿಸುವುದೂ ಸರಿಯಲ್ಲ. 10 ನಿಮಿಷಕ್ಕೊಮ್ಮೆ ಬರುವ ಅಳತೆಯನ್ನು ಸೆಕೆಂಡಿಗೊಮ್ಮೆ ಕೇಳಿದರೆ ಹೊಸದೇನೂ ಸಿಗದು. ಮಿತಿ ಮೀರಿದರೆ 429 ಎಂಬ ಸಂಖ್ಯೆಯೊಂದಿಗೆ ಕೋರಿಕೆ ತಿರಸ್ಕೃತವಾಗುತ್ತದೆ. 403 ಎಂದು ಬಂದರೆ ಅಧಿಕಾರವಿಲ್ಲವೆಂದೂ, 400 ಎಂದು ಬಂದರೆ ಕೋರಿಕೆಯ ಬರವಣಿಗೆ ತಪ್ಪಿದೆಯೆಂದೂ ತಿಳಿಯಬೇಕು.

ಅಭ್ಯಾಸ

ಪ್ರಶ್ನೆ 1: ತಾಕು 7ರಲ್ಲಿ ಒಂದು ದಿನದ ಎಲೆ ತೇವದ ಮೊತ್ತ 30, ಎಣಿಕೆ 144. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು?
ಉತ್ತರ: 300 ನಿಮಿಷ, ಅಂದರೆ 5 ಗಂಟೆ. ಎಣಿಕೆ ಪೂರ್ಣವಿರುವುದರಿಂದ ಈ ಲೆಕ್ಕವನ್ನು ನಂಬಬಹುದು.

ಪ್ರಶ್ನೆ 2: ತಾಕು 9ರಲ್ಲಿ ಮೊತ್ತ 30, ಎಣಿಕೆ 120. ಸಲಹೆ ಏನು?
ಉತ್ತರ: 24 ಅಳತೆಗಳಿಲ್ಲ, ಅಂದರೆ 4 ಗಂಟೆಯ ಲೆಕ್ಕವಿಲ್ಲ. ಎಲೆ 5 ಗಂಟೆಯಿಂದ 9 ಗಂಟೆಯವರೆಗೆ ಎಷ್ಟು ಹೊತ್ತಾದರೂ ಒದ್ದೆಯಾಗಿದ್ದಿರಬಹುದು. ತೋಟಕ್ಕೆ ಹೋಗಿ ನೋಡಬೇಕು. ಮಾಪಕದ ಬ್ಯಾಟರಿಯನ್ನೂ ಪರೀಕ್ಷಿಸಬೇಕು.

ಪ್ರಶ್ನೆ 3: ಉತ್ತರ ಖಾಲಿ ಬಂದಿದೆ. ಎಲೆ ಒಣಗಿತ್ತೇ?
ಉತ್ತರ: ಹೇಳಲಾಗದು. ಒಣಗಿದ್ದರೆ ಸೊನ್ನೆಗಳು ಬರುತ್ತಿದ್ದವು. ತಾಕಿನ ಹೆಸರು, ಅವಧಿ, ಮಾಪಕ ಮೂರನ್ನೂ ಪರಿಶೀಲಿಸಬೇಕು.

ನೆನಪಿಡಬೇಕಾದ ಅಂಶಗಳು

1. ಎಲೆ ತೇವಕ್ಕೆ ಮಧ್ಯಾಹ್ನದಿಂದ ಮಧ್ಯಾಹ್ನ, ಮಳೆಗೆ ಬೆಳಿಗ್ಗೆ 8-30ರಿಂದ 8-30.
2. ಯುಟಿಸಿ ಬೇಕಾದಲ್ಲಿ ಭಾರತದ ಕಾಲದಿಂದ ಐದೂವರೆ ಗಂಟೆ ಕಳೆಯಬೇಕು.
3. ಎಲೆ ತೇವಕ್ಕೆ ಮೊತ್ತ, ಆರ್ದ್ರತೆಗೆ ಗಂಟೆಯ ಕಟ್ಟು, ಮಳೆಗೆ ಡೆಲ್ಟಾ.
4. ಪ್ರತಿ ಲೆಕ್ಕದ ಜೊತೆಗೆ ಎಣಿಕೆಯನ್ನೂ ಕೇಳಬೇಕು.
5. ತಾಕುಗಳನ್ನು ಕೂಡಿಸಿ ಸರಾಸರಿ ಮಾಡಬಾರದು.
6. ಅಂಕಿಗಳ ಸ್ವಂತ ಪ್ರತಿ ಇಟ್ಟುಕೊಳ್ಳಬೇಕು.

ಪ್ರೋಗ್ರಾಂ ಸಿದ್ಧವಾದ ಮೇಲೆ ಒಂದು ವಾರ ಅದರ ಲೆಕ್ಕವನ್ನು ಕಣ್ಣಿನ ಲೆಕ್ಕದೊಂದಿಗೆ ಹೋಲಿಸಿ ನೋಡುವುದು ಅತಿ ಮುಖ್ಯ. ಬೆಳಿಗ್ಗೆ 7 ಗಂಟೆಗೆ ತೋಟದಲ್ಲಿ ಎಲೆ ಮುಟ್ಟಿ ನೋಡಿದಾಗ ಒದ್ದೆಯಿದ್ದು, ಪ್ರೋಗ್ರಾಂ ಆ ಹೊತ್ತಿಗೆ ಸೊನ್ನೆ ಎಂದು ತೋರಿಸಿದರೆ ದೋಷ ಎಲ್ಲಿದೆಯೆಂದು ಆಗಲೇ ಹುಡುಕಬೇಕು. ಚಾಟನಿಗೆ ಮುಂಚೆ ಈ ಪರೀಕ್ಷೆ ಮುಗಿದಿದ್ದರೆ ಹಂಗಾಮಿನಲ್ಲಿ ತೊಂದರೆಯಾಗದು. ರೋಗದ ಮಿತಿ ಮತ್ತು ಸಿಂಪರಣೆಯ ಔಷಧಿಗಳ ಬಗ್ಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಸಂಪರ್ಕಿಸಿ ಸಲಹೆ ಪಡೆಯಬೇಕು. ಮಾಪಕ ಅಳೆಯುತ್ತದೆ, ಕ್ಲೌಡ್ ಕಾಯ್ದಿಡುತ್ತದೆ. ಏನನ್ನು, ಯಾವ ಹೊತ್ತಿನದನ್ನು, ಹೇಗೆ ಕೇಳಬೇಕೆಂಬುದನ್ನು ಮಾತ್ರ ತೋಟ ಬಲ್ಲ ರೈತನೇ ನಿರ್ಧರಿಸಬೇಕು.